ಮನೆಯ ಹಿಂದಿನ ಧರೆಯನ್ನು ಮಳೆಗಾಲದಲ್ಲಿ ಅಳೆದು ನೋಡುವ ಕ್ರಮ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಶಿರಸಿ, ಯಲ್ಲಾಪುರಗಳ ಘಟ್ಟದ ಇಳಿಜಾರಿನಲ್ಲಾಗಲಿ, ಗುಡ್ಡದ ಬುಡ ಕಡಿದು ಮನೆ ಕಟ್ಟಿಕೊಂಡವರು ಮೇ ತಿಂಗಳಲ್ಲೇ ಒಮ್ಮೆ ಧರೆಯ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆಯ, ನೆತ್ತಿಗೆ ಹತ್ತಿ ನೋಡಬೇಕು. ಅಂಗಳದಲ್ಲಿ ನಿಂತವರಿಗೆ ಮುಖ್ಯವಾದದ್ದು ಕಾಣುವುದಿಲ್ಲ.

ಅಲ್ಲಿ ಹುಡುಕಬೇಕಾದದ್ದು ಬಿರುಕು. ಬಿಸಿಲಿಗೆ ಒಡೆದ ನೆಲದ ಬಿರುಕುಗಳು ಬಲೆಯಂತೆ ಎಲ್ಲ ಕಡೆಗೂ ಹರಡಿರುತ್ತವೆ. ಜಾರಲು ಹೊರಟ ನೆಲದ ಬಿರುಕು ಇಳಿಜಾರಿಗೆ ಅಡ್ಡವಾಗಿ ಬಿಲ್ಲಿನಂತೆ ಬಾಗಿ, ಅದರ ಕೆಳಬದಿ ತುಸು ಕುಸಿದಿರುತ್ತದೆ. ಅಂಥದು ಕಂಡರೆ ಆಚೆಗೊಂದು ಈಚೆಗೊಂದು ಗೂಟ ಹೊಡೆದು, ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ದಿನಾಂಕದೊಡನೆ ಬರೆದಿಡಿ. ಬಿರುಕಿಗೆ ಅಂಟುಮಣ್ಣು ತುಂಬಿ ಗಟ್ಟಿಸಿ, ಮೇಲಿನ ನೀರು ಪಕ್ಕಕ್ಕೆ ಹೋಗುವಂತೆ ಕಾಲುವೆ ತೆಗೆಯಿರಿ. ಇಂಗುಗುಂಡಿ ಬಾವಿಗೆ ಒಳ್ಳೆಯದು ನಿಜ, ಆದರೆ ಕಡಿದ ಧರೆಯ ನೆತ್ತಿಯಲ್ಲಿ ಅದನ್ನು ತೋಡಲೇಬಾರದು. ನಮ್ಮ ಕರಾವಳಿಯ ಹಲವೆಡೆ ಮೇಲೆ ಗಟ್ಟಿ ಚಿರೆಕಲ್ಲು, ಅಡಿಯಲ್ಲಿ ಮೆದು ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಗೋಡೆಯಂತೆ ನಿಲ್ಲುವ ಶೇಡಿ ನೀರು ಕುಡಿದರೆ ಬಿಗಿ ಕಳೆದುಕೊಂಡು ಮೇಲಿನ ಕಲ್ಲನ್ನೂ ಹೊತ್ತು ಜಾರುತ್ತದೆ.

ಮಳೆಯನ್ನೂ ಅಳೆಯಬೇಕು. ನಮ್ಮ ಅಡಿಕೆ ಬೆಳೆಗಾರರಲ್ಲಿ ಅನೇಕರಿಗೆ ಈ ರೂಢಿ ಇದೆ. ಮಾಪಕವಿಲ್ಲದವರು ನೇರ ಬದಿಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟರೆ ಸಾಕು, ಹತ್ತು ಸೆಂಟಿಮೀಟರು ನೀರು ನಿಂತರೆ 100 ಮಿಲಿಮೀಟರು ಮಳೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 115.6 ಮಿ.ಮೀ. ತಲುಪಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಆದರೆ ಒಂದು ದಿನದ ಅಂಕಿಗಿಂತ ಅದರ ಹಿಂದಿನ ನಾಲ್ಕೈದು ದಿನಗಳ ಮೊತ್ತವನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಆಗಲೇ ತುಂಬಿದ ನೆಲಕ್ಕೆ ಸಾಧಾರಣ ಮಳೆಯೂ ಸಾಕಾಗುತ್ತದೆ. ಆಷಾಢ ಕಳೆದರೆ ಭಯವಿಲ್ಲವೆಂಬ ಎಣಿಕೆಯೂ ಸಲ್ಲದು. ಕಾರವಾರದ ಕಡವಾಡದಲ್ಲಿ ಗುಡ್ಡ ಮನೆಗಳ ಮೇಲೆ ಬಿದ್ದದ್ದು 2009ರ ಅಕ್ಟೋಬರಿನಲ್ಲಿ.

ಮಳೆಯ ನಡುವೆ ಧರೆಯ ಬುಡ ಉಬ್ಬಿದರೆ, ತಿಳಿಯಾಗಿದ್ದ ಒರತೆ ಕೆಂಪಗಾದರೆ, ಮರ ಅಥವಾ ವಿದ್ಯುತ್ ಕಂಬ ವಾಲಿದರೆ, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಕಚ್ಚಿಕೊಂಡರೆ ಮನೆ ಬಿಡಬೇಕು. ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಇಳಿದರೆ ಮೇಲೆಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿದೆಯೆಂದೇ ತಿಳಿಯಬೇಕು. ಗೂಟಗಳ ಅಂತರ ಹೆಚ್ಚಿದ್ದು ಗೊತ್ತಾದರಂತೂ ಬೆಳಕಿರುವಾಗಲೇ ದನಕರುಗಳ ಹಗ್ಗ ಬಿಚ್ಚಿ, ಹಿರಿಯರನ್ನೂ ಮಕ್ಕಳನ್ನೂ ಮೊದಲು ಕಳುಹಿಸಿ, 112ಕ್ಕಾಗಲಿ ಜಿಲ್ಲಾಡಳಿತದ 1077ಕ್ಕಾಗಲಿ ತಿಳಿಸಿ.

ಹೊರಡುವಾಗ ಜಾರುವ ದಾರಿಗೆ ಅಡ್ಡವಾಗಿ ಪಕ್ಕಕ್ಕೆ ಸರಿಯಬೇಕು, ಹಳ್ಳದ ಜಾಡಿನಲ್ಲಿ ಇಳಿಯಬಾರದು. ಹೊಳೆಯಾಚೆಯ ದಂಡೆ ಸುರಕ್ಷಿತವೆಂದೂ ಎಣಿಸಬಾರದು: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ದಾಟಿ ಗಂಗಾವಳಿಗೆ ಬಿದ್ದ ಗುಡ್ಡ ಎಬ್ಬಿಸಿದ ಅಲೆ ಎದುರು ದಂಡೆಯ ಉಳುವರೆಯ ಮನೆಗಳಿಗೆ ನುಗ್ಗಿತು. ಮಳೆ ನಿಂತ ಮೇಲೂ ಒಳಗಿನ ನೀರು ಇಳಿಯಲು ದಿನಗಳು ಬೇಕಾಗುವುದರಿಂದ, ಭೂವಿಜ್ಞಾನ ಬಲ್ಲವರು ಬಂದು ನೋಡುವವರೆಗೆ ಆ ಮನೆಯಲ್ಲಿ ರಾತ್ರಿ ಮಲಗಬೇಡಿ.