ಮೇಲಿನ ದವಡೆ ನೋವು: ಸೈನಸ್ಸೋ, ಹಲ್ಲೋ, ಕೀಲೋ?

ನೆಗಡಿ ಬಂದಾಗ ಮೇಲಿನ ದವಡೆ ಹಲ್ಲುಗಳು ಉದ್ದವಾದಂತೆ, ಬಾಯಿ ಮುಚ್ಚಿದರೆ ಅವೇ ಮೊದಲು ತಾಗಿದಂತೆ ಅನಿಸುವುದುಂಟು. ದವಡೆ ಜರುಗಿದೆ ಎಂದುಕೊಂಡು ದಂತವೈದ್ಯರಲ್ಲಿ ಹಲ್ಲು ಉಜ್ಜಿಸಿ ಸವೆಸಿಕೊಳ್ಳಬೇಡಿ. ಸವೆದ ಎನಾಮೆಲ್ ಮತ್ತೆ ಬೆಳೆಯದು.

ಕೆನ್ನೆಯೊಳಗಿನ ಸೈನಸ್ ವಯಸ್ಕರಲ್ಲಿ ಸುಮಾರು 15 ಮಿ.ಲೀ. ಗಾತ್ರದ ಪೊಳ್ಳು. ಅದರ ತಳಕ್ಕೂ ದವಡೆ ಹಲ್ಲುಗಳ ಬೇರಿಗೂ ನಡುವೆ ಇರುವುದು ತೆಳು ಎಲುಬು, ಕೆಲವರಲ್ಲಿ ಬರಿಯ ಪೊರೆ. ಹಲ್ಲಿನ ನರಗಳು ಹಾಯುವುದೂ ಸೈನಸ್ಸಿನ ಗೋಡೆಯಲ್ಲೇ. ಕಫ ಹೊರಬೀಳುವ ರಂಧ್ರ ಮಾತ್ರ ಮೇಲ್ಭಾಗದಲ್ಲಿದೆ. ಪೊರೆ ಊದಿ ಅದು ಮುಚ್ಚಿಕೊಂಡರೆ ಕಫ ಒಳಗೇ ನಿಂತು ಹಲ್ಲು ನೋಯುತ್ತದೆ. ನೋವಿಗೆ ಹೆದರಿ ಒಂದೇ ಬದಿಯಲ್ಲಿ ಅಗಿಯುತ್ತಾ ಹೋದರೆ ದವಡೆಯ ಸ್ನಾಯುಗಳೂ ಬಿಗಿಯುತ್ತವೆ.

ಮೊದಲು ಮುಂದಕ್ಕೆ ಬಾಗಿ ಅರ್ಧ ನಿಮಿಷ ಇರಿ. ಕೆನ್ನೆ ಭಾರವಾಗಿ, ಸಾಲಾಗಿ ಮೂರ್ನಾಲ್ಕು ಹಲ್ಲು ನೋಯತೊಡಗಿದರೆ, ಮೂಗೂ ಕಟ್ಟಿದ್ದರೆ, ಸೈನಸ್ ಮೇಲೆ ಅನುಮಾನ ಹೆಚ್ಚು.

ಆಮೇಲೆ ಚಮಚದ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟಿ. ಒಂದೇ ಹಲ್ಲು ಚುಳ್ಳೆಂದರೆ, ಅಥವಾ ತಣ್ಣೀರು ತಾಗಿದ ನೋವು ಅರ್ಧ ನಿಮಿಷ ದಾಟಿದರೂ ಇಳಿಯದಿದ್ದರೆ, ತೊಂದರೆ ಆ ಹಲ್ಲಿನದೇ.

ಕೊನೆಗೆ ಕಿವಿಯ ಮುಂದೆ, ದವಡೆಯ ಕೀಲಿನ ಮೇಲೆ, ಬೆರಳಿಟ್ಟು ಬಾಯಿ ತೆರೆಯಿರಿ. ಸಾಮಾನ್ಯವಾಗಿ ನಿಮ್ಮದೇ ಮೂರು ಬೆರಳು, ಅಂದರೆ ಸುಮಾರು 40 ಮಿ.ಮೀ., ಮೇಲಿಂದ ಕೆಳಗೆ ಹಿಡಿಯಬೇಕು. ಅಷ್ಟು ತೆರೆಯದಿದ್ದರೆ, ಗದ್ದ ಒಂದು ಕಡೆಗೆ ವಾಲಿದರೆ, ಹಲ್ಲು ಕಚ್ಚಿದಾಗ ಕೆನ್ನೆಯ ಸ್ನಾಯು ಒತ್ತಿದರೆ ನೋಯುವಂತಿದ್ದರೆ, ಕೀಲು ಅಥವಾ ಸ್ನಾಯುವಿನ ಕಡೆ ನೋಡಬೇಕು. ಈ ಸ್ನಾಯುವಿನ ನೋವು ಹಲ್ಲುನೋವಿನಂತೆಯೇ ಕಾಣಿಸುವುದರಿಂದ ಹೆಚ್ಚಿನವರು ಎಡವುವುದು ಇಲ್ಲೇ.

ಸೈನಸ್ ಆದರೆ ಕುದಿಸಿ ಆರಿಸಿದ 250 ಮಿ.ಲೀ. ನೀರಿಗೆ ಅಯೋಡಿನ್ ಇಲ್ಲದ ಉಪ್ಪು 2 ಗ್ರಾಂನಷ್ಟು ಬೆರೆಸಿ ಮೂಗು ತೊಳೆಯಿರಿ. ಕುದಿಸದ ನಲ್ಲಿ ನೀರು ಬೇಡ, ಅಪರೂಪಕ್ಕೆ ಅದರಿಂದ ಪ್ರಾಣಾಪಾಯದ ಸೋಂಕೂ ಬರುತ್ತದೆ. ಸ್ನಾಯು ಬಿಗಿದಿದ್ದರೆ 15 ನಿಮಿಷ ಬೆಚ್ಚನೆ ಶಾಖ, ಮೆತ್ತನೆ ಆಹಾರ. ತುಟಿ ಮುಚ್ಚಿರಲಿ, ಮೇಲು-ಕೆಳ ಹಲ್ಲು ತಾಗದಿರಲಿ.

ನೆಗಡಿ 10 ದಿನ ದಾಟಿದರೂ ಇಳಿಯದಿದ್ದರೆ ವೈದ್ಯರ ಬಳಿ ಹೋಗಿ. ಕಣ್ಣಿನ ಸುತ್ತ ಊತ ಅಥವಾ ಎರಡೆರಡಾಗಿ ಕಾಣುವುದು ಇದ್ದರೆ ಅದೇ ದಿನ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ ಸೋಂಕು ಹಲ್ಲಿನ ಬೇರಿನಿಂದಲೇ ಸೈನಸ್ಸಿಗೆ ಏರಿರಬಹುದು. ಆಗ ದಂತವೈದ್ಯರಲ್ಲಿ ಸ್ಕ್ಯಾನ್ ಕೇಳಿ. ಹಲ್ಲಿಗೆ ಚಿಕಿತ್ಸೆಯಾಗದೆ ಬರಿಯ ಆಂಟಿಬಯೋಟಿಕ್‌ನಿಂದ ಅದು ಮತ್ತೆ ಮತ್ತೆ ಮರುಕಳಿಸುತ್ತದೆ.