ಮಗುವಿಗೆ ಸನ್‌ಸ್ಕ್ರೀನ್ ಕೊಳ್ಳುವಾಗ ಟ್ಯೂಬಿನ ಹಿಂಬದಿ ಓದಿ

ಮಗುವಿಗೆ ಆರು ತಿಂಗಳು ತುಂಬಿಲ್ಲವಾದರೆ ಸನ್‌ಸ್ಕ್ರೀನ್ ಯೋಚನೆ ಸದ್ಯಕ್ಕೆ ಬಿಡಿ. ನೆರಳು, ಅಗಲ ಅಂಚಿನ ಟೋಪಿ, ಮೈ ಮುಚ್ಚುವ ತೆಳು ಬಟ್ಟೆ ಸಾಕು. ಬಿಸಿಲಿಗೆ ಒಡ್ಡದೆ ಬೇರೆ ದಾರಿಯೇ ಇಲ್ಲ ಎಂದಾದರೆ ಮಕ್ಕಳ ಡಾಕ್ಟರನ್ನು ಕೇಳಿ. ಮುಂದೆ ಹೇಳುವುದೆಲ್ಲ ಅದಕ್ಕಿಂತ ದೊಡ್ಡ ಮಕ್ಕಳ ವಿಚಾರ.

ಟ್ಯೂಬ್ ಕೈಗೆ ಬಂದ ಕೂಡಲೇ ಹಿಂದೆ ತಿರುಗಿಸಿ. ಮುಂಭಾಗದ ಎಲೆ, ಹೂವು, ‘ನ್ಯಾಚುರಲ್’, ‘ಬೇಬಿ’ ಇವೆಲ್ಲ ಮಾರಾಟದ ಮಾತು. ಹಿಂದಿನ ಪಟ್ಟಿಯಲ್ಲಿ ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಹುಡುಕಿ. ಎರಡೂ ಖನಿಜಗಳು. ಚರ್ಮದ ಮೇಲೆಯೇ ಉಳಿದು ಬಿಸಿಲಿನ ಯುವಿ ಕಿರಣ ತಡೆಯುತ್ತವೆ, ಉರಿ, ಅಲರ್ಜಿ ಕಡಿಮೆ. ನನ್ನ ಆಯ್ಕೆ ಝಿಂಕ್. ಚರ್ಮದ ಆಳಕ್ಕಿಳಿಯುವ ಯುವಿಎ ಕಿರಣಗಳನ್ನು ಅದು ಇನ್ನೂ ಚೆನ್ನಾಗಿ ತಡೆಯುತ್ತದೆ. ಮುಖ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಕಾಣಲಿ ಬಿಡಿ. ಯುವಿ ತಡೆಯುವ ಇನ್ನೊಂದು ರಾಸಾಯನಿಕ ಆಕ್ಸಿಬೆನ್‌ಜೋನ್ ಇದ್ದರೆ ವಾಪಸ್ ಇಡಿ, ಕೆಲವರಿಗೆ ಅದು ಅಲರ್ಜಿ ತರುತ್ತದೆ.

ಎಸ್‌ಪಿಎಫ್ ಎಂದರೆ ಬಿಸಿಲಿನ ಸುಡುವಿಕೆಯಿಂದ ಎಷ್ಟು ರಕ್ಷಣೆ ಎಂದು ತಿಳಿಸುವ ಸಂಖ್ಯೆ. ಅದು 30 ಇದ್ದರೆ ಚರ್ಮ ಸುಡುವ ಯುವಿಬಿ ಕಿರಣದ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ, 50 ಇದ್ದರೆ ಶೇ 98. ವ್ಯತ್ಯಾಸ ಇಷ್ಟೇ. ‘ಬ್ರಾಡ್ ಸ್ಪೆಕ್ಟ್ರಮ್’ ಎಂದು ಬರೆದಿರಲೇಬೇಕು, ಅಂದರೆ ಯುವಿಎ, ಯುವಿಬಿ ಎರಡರಿಂದಲೂ ರಕ್ಷಣೆ.

ಇನ್ನು ಪರಿಮಳ. ಸೂಕ್ಷ್ಮ ಚರ್ಮಕ್ಕೆ ಜಾಸ್ತಿ ತೊಂದರೆ ಕೊಡುವುದು ಇದೇ. ಲ್ಯಾವೆಂಡರ್, ನಿಂಬೆ ಜಾತಿಯ ಎಣ್ಣೆಗಳು ಗಿಡದಿಂದ ಬಂದವು ನಿಜ, ಆದರೂ ಚರ್ಮ ಕೆಂಪಾಗಿಸಬಲ್ಲವು. ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನೇ ಆರಿಸಿ. ‘ಅನ್‌ಸೆಂಟೆಡ್’ ಎಂದಿದ್ದರೆ ಇತರ ವಾಸನೆ ಮುಚ್ಚಲು ಪರಿಮಳ ಬೆರೆಸಿರಬಹುದು. ಮಿಥೈಲ್‌ಐಸೋಥಿಯಾಜೋಲಿನೋನ್ ಎಂಬ ಉದ್ದ ಹೆಸರಿನ ಸಂರಕ್ಷಕವೂ ಬೇಡ. ಸ್ಪ್ರೇ ಡಬ್ಬಿ ಅಂತೂ ಬೇಡವೇ ಬೇಡ, ಮಗುವಿನ ಉಸಿರಿನೊಳಗೆ ಹೋಗುತ್ತದೆ.

ಮನೆಯಲ್ಲೇ ಕೊಬ್ಬರಿ ಎಣ್ಣೆಗೆ ಝಿಂಕ್ ಪುಡಿ ಕಲಸಿದರಾಯ್ತು ಅಲ್ವಾ? ಆಗಲ್ಲ. ಪುಡಿ ಒಂದೇ ಸಮ ಹರಡುವುದಿಲ್ಲ. ಒಂದು ಕಡೆ ದಪ್ಪ, ಪಕ್ಕದಲ್ಲೇ ಖಾಲಿ. ಸುಟ್ಟ ಮೇಲೆಯೇ ಅದು ಗೊತ್ತಾಗುವುದು.

ತಂದ ದಿನವೇ ಮೈಗೆಲ್ಲ ಹಚ್ಚಬೇಡಿ. ಮೊಣಕೈ ಒಳಮಡಿಕೆಯ ಹತ್ತಿರ ಒಂದು ಚುಕ್ಕಿ ಹಚ್ಚಿ 24ರಿಂದ 48 ಗಂಟೆ ನೋಡಿ. ಅಲ್ಲಿ ಸುಮ್ನೆ ಕೆರೆದುಕೊಳ್ಳುತ್ತಿದೆಯಾ, ಸಣ್ಣ ಗುಳ್ಳೆ ಎದ್ದಿದೆಯಾ ಗಮನಿಸಿ. ಎಕ್ಸಿಮಾ (ತುರಿಕೆ ತರುವ ಚರ್ಮದ ಉರಿಯೂತ) ಕೆರಳಿರುವಾಗ ಪರೀಕ್ಷೆ ಬೇಡ.

ಹಚ್ಚುವಾಗ ಕೈ ಬಿಗಿ ಹಿಡಿಯಬೇಡಿ. ತೆಳ್ಳಗೆ ಹಚ್ಚಿದರೆ ಟ್ಯೂಬಿನ ಮೇಲಿನ ಎಸ್‌ಪಿಎಫ್ ಸಿಗುವುದಿಲ್ಲ. ಕಿವಿಯ ಹಿಂಬದಿ, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಮರೆತೇ ಹೋಗುತ್ತವೆ. ಹೊರಗೆ ಹೋಗುವ 15 ನಿಮಿಷ ಮೊದಲು ಹಚ್ಚಿ. ಆಮೇಲೆ ಎರಡು ಗಂಟೆಗೊಮ್ಮೆ, ನೀರಾಟ ಆಡಿ ಟವೆಲ್‌ನಿಂದ ಒರೆಸಿದ ಮೇಲೆ ಮತ್ತೊಮ್ಮೆ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೆರಳೇ ಮೊದಲ ರಕ್ಷಣೆ.

ದದ್ದು ಬಂದರೆ ತೊಳೆದು ನಿಲ್ಲಿಸಿ. ಡಾಕ್ಟರ ಬಳಿ ಹೋಗುವಾಗ ಟ್ಯೂಬನ್ನೂ ಒಯ್ಯಿರಿ, ಯಾವ ಪದಾರ್ಥ ಒಗ್ಗಲಿಲ್ಲವೆಂದು ಪತ್ತೆ ಮಾಡಲು ಅವರಿಗೆ ಆ ಪಟ್ಟಿ ಬೇಕು.