ಹಾಸನದಿಂದ ಹಡಗಲ್ಲಿ ಬಟ್ಟೆ ಕಳಿಸೋದು ಹೇಗೆ

ಮೊದಲು ಐಇಸಿ ನಂಬರ್ (ವಿದೇಶಕ್ಕೆ ಮಾಲು ಕಳಿಸೋಕೆ, ತರಿಸೋಕೆ ಬೇಕಾದ ನಂಬರ್) ಮಾಡಿಸ್ಕೊಳ್ಳಿ, ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿ ಸೈಟಲ್ಲೇ ಆಗತ್ತೆ, ಫೀಸು 500 ರೂಪಾಯಿ. ಆಮೇಲೆ ಬ್ಯಾಂಕಿಂದ ಎಡಿ ಕೋಡ್ (ವಿದೇಶಿ ಹಣದ ವ್ಯವಹಾರ ನೋಡೋ ಬ್ಯಾಂಕ್ ಶಾಖೆಯ ನಂಬರ್) ತಗೊಂಡು ಕಸ್ಟಮ್ಸಲ್ಲಿ ರಿಜಿಸ್ಟರ್ ಮಾಡಿಸಿ.

ಕಡಿಮೆ ಮಾಲಿದ್ರೆ ಇಡೀ ಕಂಟೇನರ್ ಬೇಡ, ಎಲ್‌ಸಿಎಲ್ ಅಂತ ಬೇರೆಯವರ ಮಾಲಿನ ಜೊತೆ ಹಾಕ್ತಾರೆ, ಬಾಡಿಗೆ ಸಿಬಿಎಂ, ಅಂದ್ರೆ ಘನ ಮೀಟರ್ ಲೆಕ್ಕ. 60, 40, 40 ಸೆಂಟಿಮೀಟರ್ ಡಬ್ಬ ಒಂದಕ್ಕೆ 0.096 ಸಿಬಿಎಂ, ಅಂದ್ರೆ ಹತ್ತು ಡಬ್ಬ ಹತ್ರಹತ್ರ ಒಂದು ಸಿಬಿಎಂ. ಬಟ್ಟೆ ತೂಕಕ್ಕಿಂತ ಜಾಗ ಜಾಸ್ತಿ ತಿನ್ನತ್ತೆ, ಅದಕ್ಕೇ ಒಳಗಿನ ಗಾಳಿ ಆಚೆ ಹೋಗೋ ಹಾಗೆ ಒತ್ತಿ ಮಡಚಿ.

ಈಗ ನಿಜವಾದ ಶತ್ರು, ತೇವ. ನಮ್ ಕಡೆ ಜುಲೈ ಮಳೇಲಿ ಪ್ಯಾಕ್ ಮಾಡಿದ್ರೆ ಬಟ್ಟೆ ಒಳಗೇ ಥಂಡಿ ಕೂತಿರತ್ತೆ, ಸಮುದ್ರದ ಮೇಲೆ ಹಗಲು ಕಾದು ರಾತ್ರಿ ತಣ್ಣಗಾದಾಗ ಕಂಟೇನರ್ ಚಾವಣಿಯಿಂದ ನೀರು ತೊಟ್ಟಿಕ್ಕತ್ತೆ. ನಾನೊಮ್ಮೆ ಅವಸರಕ್ಕೆ ಇಸ್ತ್ರಿ ಬಿಸಿ ಆರೋ ಮುಂಚೆ ಕವರ್ ಅಂಟಿಸಿಬಿಟ್ಟೆ, ಅಲ್ಲಿ ಡಬ್ಬ ಬಿಚ್ಚಿದಾಗ ಬಿಳೀ ಟವೆಲ್ ಮಡಿಕೆ ಮೇಲೆಲ್ಲ ಬೂದು ಚುಕ್ಕಿ, ಬೂಸ್ಟು ವಾಸನೆ. ದಯವಿಟ್ಟು ಪೂರ್ತಿ ಆರಿಸಿ, ಸಿಲಿಕಾ ಜೆಲ್ ಹಾಕಿ, ಐದು ಪದರದ ಗಟ್ಟಿ ಡಬ್ಬಾನೇ ತಗೊಳ್ಳಿ.

ಇನ್‌ವಾಯ್ಸಲ್ಲಿ ಬರೀ "ಬಟ್ಟೆ" ಅಂತ ಬರೀಬೇಡಿ, ಕಸ್ಟಮ್ಸ್‌ನೋರು ಮಾಲನ್ನ ವಿಂಗಡಿಸೋ ಎಚ್‌ಎಸ್ ಕೋಡ್ ಪಟ್ಟೀಲಿ ಹೆಣೆದ ಉಡುಪು 61ನೇ ಅಧ್ಯಾಯ, ನೇಯ್ದಿದ್ದು 62, ಟವೆಲ್ ಬೆಡ್‌ಶೀಟ್ 63. ನೂಲು ಯಾವುದು, ಎಷ್ಟು ಪರ್ಸೆಂಟು ಅಂತಾನೂ ಬರೀರಿ.

ಹತ್ರದ ಬಂದರು ಮಂಗಳೂರು, ಆದ್ರೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಬಂದಾಗೋದುಂಟು, ಹಡಗಿನ ಕಟಾಫ್‌ಗೆ (ಮಾಲು ಒಪ್ಪಿಸೋ ಕೊನೇ ಗಡುವಿಗೆ) ಎರಡ್ಮೂರು ದಿನ ಮೊದ್ಲೇ ಲಾರಿ ಬಿಡಿ. ಬಿಲ್ ಆಫ್ ಲೇಡಿಂಗ್ (ಮಾಲು ತಗೊಂಡಿದ್ದಕ್ಕೆ ಹಡಗಿನ ಕಂಪನಿ ಕೊಡೋ ಪತ್ರ) ಡ್ರಾಫ್ಟ್ ಬಂದಾಗ ಹೆಸರು, ಡಬ್ಬ ಎಷ್ಟು, ತೂಕ ಎಲ್ಲ ಒಂದೊಂದೇ ನೋಡಿ, ಆಮೇಲೆ ತಿದ್ದಿಸೋಕೆ ದುಡ್ಡು ಕೇಳ್ತಾರೆ.